ಬಣ್ಣದ ವೇಷದ ಹಿಂದೊಬ್ಬ ತಾಯಿ

ಮುಖದ ತುಂಬ ಸುಣ್ಣ ಬಳಿದಂಥ ಬಿಳಿ ಬಣ್ಣ. ಕಣ್ಣುಗಳ ಸುತ್ತ ಬಾವಲಿಯ ರೆಕ್ಕೆಯಂತೆ ಚಾಚಿಕೊಂಡ ಕಪ್ಪು. ನೆತ್ತಿಯ ಮೇಲೆ ಎತ್ತಿ ಕಟ್ಟಿದ ಜುಟ್ಟು, ಕಾಲಿಗೆ ಗೇಣೆತ್ತರದ ಬೂಟು. ವೇದಿಕೆಯ ನಡುವೆ ಬಂದು ನಿಂತವನೇ ಉದ್ದನೆಯ ನಾಲಗೆ ಚಾಚಿ, ಬಾಯಿಂದ ಬಣ್ಣದ ನೀರಿನ 'ರಕ್ತ' ಸುರಿಸುತ್ತಿದ್ದ. ಮತ್ತೊಂದು ಗಳಿಗೆಗೆ ಉರಿಯುವ ದೊಂದಿಯತ್ತ ಉಗುಳಿ ಬೆಂಕಿಯ ಉಂಡೆಯನ್ನೇ ಹಾರಿಸುತ್ತಿದ್ದ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಬಣ್ಣದ ವೇಷ ಆರ್ಭಟಿಸುತ್ತ ರಂಗಕ್ಕೆ ಬಂದಾಗ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದುಂಟು. ಅಮೆರಿಕದ 'ಕಿಸ್' ಎಂಬ ರಾಕ್ ತಂಡದ ಈ ರಾಕ್ಷಸನನ್ನು ಕಂಡು ಅಲ್ಲಿಯ ಎಷ್ಟೋ ತಂದೆ ತಾಯಿಯರೇ ಬೆಚ್ಚಿಬಿದ್ದರು. ಮಕ್ಕಳು ಮಾತ್ರ ಆತನ ಚಿತ್ರವನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡರು.

ಆತನ ಹೆಸರು ಜೀನ್ ಸಿಮನ್ಸ್. ತಂಡದಲ್ಲಿ ಆತನ ವಾದ್ಯ ಬೇಸ್ ಗಿಟಾರ್. ಕೋಟಿಗಟ್ಟಲೆ ಧ್ವನಿಮುದ್ರಿಕೆಗಳು ಮಾರಾಟವಾದ ತಂಡದ ಒಡೆಯರಲ್ಲಿ ಒಬ್ಬನಾಗಿದ್ದ ಈತ ಅಮೆರಿಕದಲ್ಲಿ ಹುಟ್ಟಿದವನಲ್ಲ. ಎಂಟು ವರ್ಷದವನಾಗಿದ್ದಾಗ ಇಂಗ್ಲಿಷಿನ ಗಂಧವಿಲ್ಲದೆ ತಾಯಿಯ ಕೈ ಹಿಡಿದು ನ್ಯೂಯಾರ್ಕಿಗೆ ಬಂದ ವಲಸೆಗಾರ. ಆ ತಾಯಿಯ ಕಥೆ ತಿಳಿಯದೆ ಮಗನ ಕಥೆ ಅರ್ಥವಾಗುವುದಿಲ್ಲ.

ಸಾವಿನ ಬಾಗಿಲಿನಿಂದ

ತಾಯಿಯ ಹೆಸರು ಫ್ಲೋರಾ ಕ್ಲೈನ್. 1925ರಲ್ಲಿ ಹಂಗೇರಿಯ ಯಾಂಡ್ ಎಂಬ ಹಳ್ಳಿಯ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. 1944ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಹಂಗೇರಿಯನ್ನು ಆಕ್ರಮಿಸಿಕೊಂಡಿತು. ಮೇ ತಿಂಗಳ ನಡುವಿನಿಂದ ಜುಲೈವರೆಗಿನ ಸುಮಾರು ಎಂಟು ವಾರಗಳಲ್ಲಿ ಅಲ್ಲಿಯ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲು ಡಬ್ಬಿಗಳಲ್ಲಿ ತುಂಬಿ ಸಾಗಿಸಲಾಯಿತು. ಹೆಚ್ಚಿನವರನ್ನು ಕೊಂಡೊಯ್ದದ್ದು ಆಶ್‌ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ. ಫ್ಲೋರಾಳ ಕುಟುಂಬದಲ್ಲಿ ಕೊನೆಗೆ ಉಳಿದವರು ಇಬ್ಬರೇ: ಆಕೆ ಮತ್ತು ಆಕೆಯ ಸೋದರ.

ಬರ್ಲಿನ್ನಿನ ಉತ್ತರಕ್ಕೆ ಹೆಂಗಸರಿಗೆಂದೇ ನಾಜಿಗಳು ನಡೆಸುತ್ತಿದ್ದ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಆಕೆ ಇದ್ದಳು. ಆ ಬಳಿಕ ಆಸ್ಟ್ರಿಯದ ಮೌಟ್‌ಹೌಸನ್. ಅದು ಕಲ್ಲುಗಣಿಯ ಪಕ್ಕದಲ್ಲಿದ್ದ ಶಿಬಿರ. ಗ್ರಾನೈಟ್ ಬಂಡೆಗಳನ್ನು ಹೊರಿಸಿ ಹೊರಿಸಿಯೇ ಕೈದಿಗಳನ್ನು ಕೊಲ್ಲುತ್ತಿದ್ದ ಜಾಗವೆಂದು ಚರಿತ್ರೆಯಲ್ಲಿ ಅದಕ್ಕೆ ಹೆಸರು. 1945ರ ಮೇ 5ರಂದು ಅಮೆರಿಕದ ಸೈನಿಕರು ಆ ಶಿಬಿರದ ಬಾಗಿಲು ತೆರೆಸಿದಾಗ ಬದುಕುಳಿದವರ ನಡುವೆ ಫ್ಲೋರಾ ಇದ್ದಳು. ಆಗ ಆಕೆಗೆ ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು. ನಮ್ಮಲ್ಲಾದರೆ ಡಿಗ್ರಿ ಕಾಲೇಜಿಗೆ ಹೋಗುವ ಪ್ರಾಯ.

1948ರಲ್ಲಿ ಇಸ್ರೇಲ್ ಹುಟ್ಟಿತು. ಯೂರೋಪಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಅಲ್ಲಿಗೆ ಹೋಗಿ ಸೇರಿದ ಸಾವಿರಾರು ಜನರಲ್ಲಿ ಫ್ಲೋರಾ ಮತ್ತು ಆಕೆಯ ಗಂಡ, ಬಡಗಿ ಫೆರೆನ್ಸ್ ವಿಟ್ಸ್ ಕೂಡ ಇದ್ದರು. 1949ರ ಆಗಸ್ಟ್ 25ರಂದು ಹೈಫಾ ನಗರದ ಬಳಿ ಇವರಿಗೊಬ್ಬ ಮಗ ಹುಟ್ಟಿದ. ಮಗುವಿಗೆ ಹಾಯಿಮ್ ಎಂದು ಹೆಸರಿಟ್ಟರು. ಹೀಬ್ರೂ ಭಾಷೆಯಲ್ಲಿ ಈ ಪದದ ಅರ್ಥ 'ಜೀವ', 'ಬದುಕು'.

ಹೊಸ ದೇಶದಲ್ಲಿ ಬದುಕು ಸುಲಭವಾಗಿರಲಿಲ್ಲ. ಊಟದ ಸಾಮಾನಿಗೂ ಬಟ್ಟೆಗೂ ರೇಷನ್ ಇದ್ದ ಕಾಲ ಅದು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ಮನೆ ಬಿಟ್ಟ. ಒಂಟಿಯಾದ ಫ್ಲೋರಾ ಕೆಲಸಕ್ಕೆ ಹೋಗಿ ಮಗನನ್ನು ಸಾಕಿದಳು. ಕೊನೆಗೆ 1958ರಲ್ಲಿ ಮಗನನ್ನು ಕರೆದುಕೊಂಡು, ಬಂಧುಗಳಿದ್ದ ನ್ಯೂಯಾರ್ಕಿಗೆ ಹೊರಟಳು.

ಕಾಮಿಕ್ಸ್ ಕಲಿಸಿದ ಇಂಗ್ಲಿಷ್

ಮನೆಯಲ್ಲಿ ಹಂಗೇರಿಯನ್, ಬಿಟ್ಟುಬಂದ ಶಾಲೆಯಲ್ಲಿ ಹೀಬ್ರೂ. ನ್ಯೂಯಾರ್ಕಿನ ಬೀದಿಯಲ್ಲಿ ಎರಡೂ ಉಪಯೋಗಕ್ಕೆ ಬರುವಂತಿರಲಿಲ್ಲ. ಹುಡುಗನ ಹೆಸರನ್ನು ಉಚ್ಚರಿಸಲೂ ಅಲ್ಲಿಯವರಿಗೆ ಕಷ್ಟ. ಹಾಯಿಮ್ ವಿಟ್ಸ್ ಹೋಗಿ ಯೂಜೀನ್ ಕ್ಲೈನ್ ಬಂದ. ಕ್ಲೈನ್ ಎಂಬುದು ತಾಯಿಯ ತವರಿನ ಹೆಸರು. ಮುಂದೆ ಸಂಗೀತಕ್ಕೆ ಇಳಿದಾಗ ಅದೂ ಹೋಗಿ ಜೀನ್ ಸಿಮನ್ಸ್ ಆಯಿತು. ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದು, ಹಾಜರಿ ಕರೆಯುವಾಗ ಮೇಷ್ಟರ ಬಾಯಲ್ಲಿ ತನ್ನ ಹೆಸರು ತಿರುಚಿಕೊಳ್ಳುವುದನ್ನು ಕೇಳಿದ ಯಾವ ಹುಡುಗನಿಗಾದರೂ ಈ ಸಂಕಟ ತಿಳಿಯುತ್ತದೆ.

ತಾಯಿಗೆ ಸಿಕ್ಕಿದ್ದು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕೋಟುಗಳಿಗೆ ಗುಂಡಿ ಹೊಲಿಯುವ ಕೆಲಸ. ಎಷ್ಟು ಗುಂಡಿಯೋ ಅಷ್ಟು ಕಾಸು. ಬೆಳಿಗ್ಗೆ ಹೋದವಳು ಕತ್ತಲಾದ ಮೇಲೆ ಬರುತ್ತಿದ್ದಳು. ಹುಡುಗ ಬ್ರೂಕ್ಲಿನ್ನಿನ ಯಹೂದಿ ಧಾರ್ಮಿಕ ಶಾಲೆಗೆ ಸೇರಿದ. ದಿನವಿಡೀ ಧರ್ಮಗ್ರಂಥದ ಪಾಠ. ಆದರೆ ಆತನ ಇಂಗ್ಲಿಷ್ ಕಲಿಕೆ ನಡೆದದ್ದು ಬೇರೆ ಕಡೆ: ಟೆಲಿವಿಷನ್ ಮುಂದೆ ಮತ್ತು ಕಾಮಿಕ್ಸ್ ಪುಸ್ತಕಗಳಲ್ಲಿ. ಚಿತ್ರ ನೋಡಿ ಕಥೆ ಊಹಿಸುವುದು, ಕಥೆಯಿಂದ ಪದ ಊಹಿಸುವುದು, ಪದ ಗೊತ್ತಾದ ಮೇಲೆ ಮತ್ತೆ ಮೊದಲಿನಿಂದ ಓದುವುದು. ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯನ್ನು ಎಷ್ಟೋ ಪಠ್ಯಪುಸ್ತಕಗಳು ಇನ್ನೂ ಕಂಡುಕೊಂಡಿಲ್ಲ.

ಕಾಮಿಕ್ಸ್ ಆತನನ್ನು ಸೆಳೆದದ್ದರಲ್ಲಿ ಆಶ್ಚರ್ಯವಿಲ್ಲ. 1938ರಲ್ಲಿ ಮೊದಲು ಪ್ರಕಟವಾದ ಸೂಪರ್‌ಮ್ಯಾನ್ ಪಾತ್ರವನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ಯಹೂದಿ ವಲಸೆಗಾರರ ಮಕ್ಕಳೇ. ಬೇರೊಂದು ಗ್ರಹದಿಂದ ಬಂದು ಬೀಳುವ ಮಗು, ಹೊಸ ಊರಿಗೆ ತಕ್ಕ ಹೊಸ ಹೆಸರು, ಹಗಲಿಗೊಂದು ವೇಷ, ನಿಜವಾದ ಶಕ್ತಿ ಹೊರಬರಲು ಇನ್ನೊಂದು ವೇಷ. ವಲಸೆ ಬಂದ ಮಗುವಿಗೆ ಇದು ಕಟ್ಟುಕಥೆಯೆಂದು ಅನ್ನಿಸಿರಲಾರದು. ಹುಡುಗ ಬರೀ ಓದಿ ಸುಮ್ಮನಾಗಲಿಲ್ಲ. ಟೈಪ್ ಮಾಡುವುದನ್ನು ಕಲಿತು, ಕಾಮಿಕ್ಸ್ ಮತ್ತು ವಿಜ್ಞಾನ ಕಥೆಗಳ ಬಗ್ಗೆ ತಾನೇ ಪುಟ್ಟ ಪತ್ರಿಕೆಗಳನ್ನು ಹೊರಡಿಸಿ, ಅಂಥದೇ ಹುಚ್ಚಿದ್ದ ಇತರರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದ.

ನಾಲ್ಕು ತಂತಿಯ ವಾದ್ಯ

1964ರ ಫೆಬ್ರವರಿ 9ರ ರಾತ್ರಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಮೆರಿಕದ 'ಎಡ್ ಸಲಿವನ್ ಶೋ' ಎಂಬ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡಿತು. ಸುಮಾರು ಏಳು ಕೋಟಿ ಮೂವತ್ತು ಲಕ್ಷ ಜನ ಅದನ್ನು ನೋಡಿದರೆಂದು ಲೆಕ್ಕ. ಹದಿನಾಲ್ಕು ವರ್ಷದ ಜೀನ್ ಅವರಲ್ಲೊಬ್ಬ. ವಿಚಿತ್ರ ಕ್ರಾಪಿನ, ವಿಚಿತ್ರ ಉಚ್ಚಾರಣೆಯ ನಾಲ್ವರು ಪರದೇಶದ ಹುಡುಗರನ್ನು ಇಡೀ ದೇಶ ಮೆಚ್ಚಿಕೊಂಡದ್ದನ್ನು ಆತ ಕಂಡ. ಪರಕೀಯನಾಗಿ ಕಾಣುವುದು ತಪ್ಪಲ್ಲ ಎಂಬ ಧೈರ್ಯ ಅವತ್ತು ಹುಟ್ಟಿತು.

ಆತ ಕೈಗೆತ್ತಿಕೊಂಡದ್ದು ಬೇಸ್ ಗಿಟಾರ್. ಸಾಧಾರಣ ಗಿಟಾರಿಗೆ ಆರು ತಂತಿ. ಬೇಸ್ ಗಿಟಾರಿಗೆ ನಾಲ್ಕು, ಅವೂ ದಪ್ಪ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇಲ್ಲಿಯೂ ಇರುತ್ತವೆ, ಆದರೆ ಒಂದು ಸ್ಥಾಯಿ ಕೆಳಗೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದ ಕಿವಿಗಿಂತ ಹೆಚ್ಚಾಗಿ ಎದೆಗೆ ತಾಗುತ್ತದೆ. ಮೊದಲು ಈ ಕೆಲಸವನ್ನು ಆಳೆತ್ತರದ ಮರದ ಡಬಲ್ ಬೇಸ್ ಮಾಡುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಅದನ್ನು ಹೆಗಲಿಗೆ ನೇತುಹಾಕಿಕೊಳ್ಳುವ ವಿದ್ಯುತ್ ವಾದ್ಯವಾಗಿ ಮಾರುಕಟ್ಟೆಗೆ ತಂದ.

ಸಂಗೀತ ಕಚೇರಿಯಲ್ಲಿ ತಂಬೂರಿಯತ್ತ ಯಾರೂ ನೋಡುವುದಿಲ್ಲ. ಆದರೆ ಅದು ನಿಂತರೆ ಹಾಡುವವರಿಗೆ ನೆಲವೇ ಜಾರಿದಂತಾಗುತ್ತದೆ. ರಾಕ್ ತಂಡದಲ್ಲಿ ಬೇಸ್ ಗಿಟಾರಿನ ಪಾಡೂ ಹೆಚ್ಚುಕಡಿಮೆ ಅದೇ. ಜೊತೆಗೆ ಡ್ರಮ್ಮಿನ ತಾಳವನ್ನೂ ಗಿಟಾರಿನ ಸ್ವರವನ್ನೂ ಗಂಟು ಹಾಕುವ ಹೊಣೆಯೂ ಅದರದೇ. ಕೇಳುವವರ ಗಮನಕ್ಕೆ ಬಾರದೆ ಹಾಡನ್ನು ಹೊತ್ತು ನಿಲ್ಲುವ ವಾದ್ಯ. ಗಿಟಾರ್ ಹಿಡಿಯುವವರು ಬೀದಿಗೊಬ್ಬರಿದ್ದರು, ಬೇಸ್ ನುಡಿಸುವವರು ಸಿಗುತ್ತಿರಲಿಲ್ಲ, ಅದಕ್ಕೇ ಅದನ್ನು ಆರಿಸಿಕೊಂಡೆ ಎಂಬುದು ಸಿಮನ್ಸ್ ಕೊಟ್ಟಿರುವ ವಿವರಣೆ. ಎಲ್ಲರೂ ನಿಂತ ಸಾಲಿನಲ್ಲಿ ನಿಲ್ಲದೆ, ಜನ ಕಡಿಮೆಯಿರುವ ಕಿಟಕಿ ಹುಡುಕುವ ವಲಸೆಗಾರನ ಲೆಕ್ಕ ಅದು. ಆತ ಬೇಸ್ ವಾದನದ ಮಹಾ ಪಂಡಿತನೆಂದು ಯಾರೂ ಹೇಳುವುದಿಲ್ಲ. ಹಾಡಿಗೆ ಬೇಕಾದಷ್ಟನ್ನು ಗಟ್ಟಿಯಾಗಿ ನುಡಿಸುವುದನ್ನು ಮಾತ್ರ ಆತ ಚೆನ್ನಾಗಿ ಕಲಿತ.

ಪದವಿ, ಪಾಠ, ಟೈಪಿಂಗ್

ಸಂಗೀತದ ಹುಚ್ಚು ಹಿಡಿದ ಮಗನ ಓದಿನ ಗತಿಯೇನು ಎಂಬುದು ಎಲ್ಲ ತಂದೆ ತಾಯಿಯರ ಪ್ರಶ್ನೆ. ಈತ ಓದು ಬಿಡಲಿಲ್ಲ. ನ್ಯೂಯಾರ್ಕ್ ರಾಜ್ಯದ ಸಲಿವನ್ ಕೌಂಟಿಯ ಸಮುದಾಯ ಕಾಲೇಜಿನಲ್ಲಿ ಓದಿ, ಬಳಿಕ ಸ್ಟ್ಯಾಟನ್ ಐಲೆಂಡಿನ ರಿಚ್‌ಮಂಡ್ ಕಾಲೇಜಿನಲ್ಲಿ ಪದವಿ ಪಡೆದ. ವಾರಾಂತ್ಯದಲ್ಲಿ ತಂಡ ಕಟ್ಟಿ ನುಡಿಸುವುದು, ವಾರದ ದಿನಗಳಲ್ಲಿ ತರಗತಿ.

ಪದವಿಯ ನಂತರ ನ್ಯೂಯಾರ್ಕಿನ ಶಾಲೆಯೊಂದರಲ್ಲಿ ಕೆಲವು ತಿಂಗಳು ಆರನೇ ತರಗತಿಯ ಮೇಷ್ಟರಾದ. ಶೇಕ್ಸ್‌ಪಿಯರನ ಪಾಠದ ಬದಲು ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಓದಿಸಿದ್ದು ಶಾಲೆಯವರಿಗೆ ಹಿಡಿಸಲಿಲ್ಲ ಎಂದು ಆತನೇ ಹೇಳಿಕೊಂಡಿದ್ದಾನೆ. ತನಗೆ ಇಂಗ್ಲಿಷ್ ಬಂದ ದಾರಿಯನ್ನೇ ಮಕ್ಕಳಿಗೂ ತೋರಿಸಹೊರಟಿದ್ದನೇನೋ. ಮೇಷ್ಟರ ಕೆಲಸ ಬಿಟ್ಟ ಮೇಲೆ ಕೈ ಹಿಡಿದದ್ದು ಚಿಕ್ಕಂದಿನಲ್ಲಿ ಕಲಿತ ಟೈಪಿಂಗ್. 'ವೋಗ್' ಎಂಬ ಪ್ರಸಿದ್ಧ ಫ್ಯಾಷನ್ ಪತ್ರಿಕೆಯಲ್ಲಿ ಸಂಪಾದಕರೊಬ್ಬರ ಸಹಾಯಕನಾಗಿ ಆತ ದುಡಿದ. ಹಗಲು ಕಚೇರಿ, ಸಂಜೆ ಗಿಟಾರ್. ಸಂಬಳದ ಹಣ ಬಾಡಿಗೆಗೂ ವಾದ್ಯಗಳಿಗೂ ಹೋಗುತ್ತಿತ್ತು.

ಬೆರಳೆಣಿಕೆಯ ಶ್ರೋತೃಗಳು

1970ರ ಸುಮಾರಿಗೆ ಆತನಿಗೆ ಸ್ಟ್ಯಾನ್ಲಿ ಐಸನ್ ಎಂಬ ಯುವಕ ಜೊತೆಯಾದ. ಮುಂದೆ ಈತ ಪಾಲ್ ಸ್ಟ್ಯಾನ್ಲಿ ಎಂದು ಹೆಸರಾದ. ಈತನ ತಾಯಿಯೂ ಹಿಟ್ಲರನ ಬರ್ಲಿನ್ನಿನಿಂದ ತಪ್ಪಿಸಿಕೊಂಡು ಬಂದವಳು. ಇಬ್ಬರೂ ಸೇರಿ 'ವಿಕೆಡ್ ಲೆಸ್ಟರ್' ಎಂಬ ತಂಡ ಕಟ್ಟಿ ಇಡೀ ಆಲ್ಬಮ್ ಧ್ವನಿಮುದ್ರಿಸಿದರು. ಕಂಪನಿ ಅದನ್ನು ಬಿಡುಗಡೆಯನ್ನೇ ಮಾಡಲಿಲ್ಲ. ಅವರು ಮತ್ತೆ ಮೊದಲಿನಿಂದ ಆರಂಭಿಸಿದರು. ಪತ್ರಿಕಾ ಜಾಹೀರಾತುಗಳ ಮೂಲಕ ಡ್ರಮ್ಮಿಗೆ ಪೀಟರ್ ಕ್ರಿಸ್, ಗಿಟಾರಿಗೆ ಏಸ್ ಫ್ರೇಲಿ ಸಿಕ್ಕಿದರು. ಹೊಸ ತಂಡಕ್ಕೆ 'ಕಿಸ್' ಎಂದು ಹೆಸರಾಯಿತು.

1973ರ ಜನವರಿ 30ರಂದು ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಕ್ಲಬ್ಬೊಂದರಲ್ಲಿ ಮೊದಲ ಕಾರ್ಯಕ್ರಮ. ಕೇಳಲು ಬಂದವರು ಬೆರಳೆಣಿಕೆಯಷ್ಟು. ಅದೇ ವರ್ಷದ ಕೊನೆಯ ರಾತ್ರಿ ಬೆಂಕಿಯುಗುಳುವ ಸಾಹಸದಲ್ಲಿ ಸಿಮನ್ಸನ ತಲೆಗೂದಲಿಗೇ ಬೆಂಕಿ ಹತ್ತಿತು. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೂ ಇದು ಪ್ರಾಣಾಪಾಯದ ಆಟ. ಮನೆಯಲ್ಲಿ ಯಾರೂ ಅನುಕರಿಸಬಾರದು. 1974 ಮತ್ತು 75ರಲ್ಲಿ ಬಂದ ಮೂರು ಆಲ್ಬಮ್‌ಗಳು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಧ್ವನಿಮುದ್ರಣ ಕಂಪನಿಯೂ ಸಾಲದಲ್ಲಿತ್ತು. 1975ರ ಸೆಪ್ಟೆಂಬರಿನಲ್ಲಿ ಬಂದ 'ಅಲೈವ್!' ಎಂಬ ನೇರ ಕಾರ್ಯಕ್ರಮದ ಆಲ್ಬಮ್ ಮಾತ್ರ ಎಲ್ಲರನ್ನೂ ದಡ ಸೇರಿಸಿತು. ಜನ ಬಯಸಿದ್ದು ಚೌಕಿಯಿಂದ ಹೊರಬಂದ ವೇಷವನ್ನು, ಅದರ ಆರ್ಭಟವನ್ನು.

1977ರಲ್ಲಿ ಮಾರ್ವೆಲ್ ಕಂಪನಿ ಈ ನಾಲ್ವರನ್ನೇ ನಾಯಕರನ್ನಾಗಿ ಮಾಡಿ ಕಾಮಿಕ್ಸ್ ಪುಸ್ತಕ ಹೊರತಂದಿತು. ಪ್ರಚಾರಕ್ಕಾಗಿ ಅವರ ರಕ್ತದ ಹನಿಗಳನ್ನು ಮುದ್ರಣದ ಕೆಂಪು ಶಾಯಿಗೆ ಬೆರೆಸಿದ್ದೂ ಉಂಟು. ಕಾಮಿಕ್ಸ್ ಓದಿ ಇಂಗ್ಲಿಷ್ ಕಲಿತ ಹುಡುಗ ಹತ್ತೊಂಬತ್ತು ವರ್ಷಗಳಲ್ಲಿ ಕಾಮಿಕ್ಸಿನ ಪುಟದೊಳಕ್ಕೇ ಹೊಕ್ಕಿದ್ದ.

ಎರಡು ಮಿಂಚು

ಈ ಕಥೆಯಲ್ಲಿ ಒಂದು ಮುಳ್ಳೂ ಇದೆ. 'ಕಿಸ್' ಎಂಬ ಇಂಗ್ಲಿಷ್ ಪದದ ಕೊನೆಯ ಎರಡು 'ಎಸ್' ಅಕ್ಷರಗಳನ್ನು ಏಸ್ ಫ್ರೇಲಿ ಮಿಂಚಿನ ಆಕಾರದಲ್ಲಿ ಬರೆದಿದ್ದ. ನೋಡುವವರಿಗೆ ಅದು ನಾಜಿಗಳ ಎಸ್‌ಎಸ್ ಪಡೆಯ ಚಿಹ್ನೆಯಂತೆ ಕಂಡಿತು. ಯಹೂದಿಗಳ ಶಿಬಿರಗಳನ್ನು ನಡೆಸಿದ್ದು ಅದೇ ಪಡೆ. ನಾಜಿ ಚಿಹ್ನೆಗಳನ್ನು ನಿಷೇಧಿಸಿದ ಜರ್ಮನಿಯಲ್ಲಿ ತಂಡದ ಲಾಂಛನವನ್ನು ಬದಲಿಸಬೇಕಾಯಿತು. ಅಲ್ಲಿ ಮಾರುವ ಆಲ್ಬಮ್‌ಗಳ ಮೇಲೆ ಬೇರೆ ಆಕಾರದ ಅಕ್ಷರಗಳು ಬಂದವು. ಶಿಬಿರದಿಂದ ಬದುಕಿಬಂದವಳ ಮಗ ಎದೆಯ ಮೇಲೆ ಆ ಲಾಂಛನ ಹೊತ್ತು ಕುಣಿದದ್ದು ವಿಧಿಯ ವ್ಯಂಗ್ಯವೆಂದೇ ಹೇಳಬೇಕು. ನಾಜಿಗಳನ್ನು ಹೊಗಳುವ ಉದ್ದೇಶ ತಂಡಕ್ಕೆ ಇರಲಿಲ್ಲವೆಂಬುದು ನಿಜ. ಆದರೆ ಬರೆದವನ ಮನಸ್ಸಿನಲ್ಲಿ ಇಲ್ಲದ್ದು ನೋಡುವವರ ನೆನಪಿನಲ್ಲಿ ಇರಬಹುದೆಂಬುದೂ ನಿಜ.

ಮೆಚ್ಚುವುದು, ಮೆಚ್ಚದಿರುವುದು

ಏಸ್ ಫ್ರೇಲಿ ಮತ್ತು ಪೀಟರ್ ಕ್ರಿಸ್ ಕುಡಿತ, ಮಾದಕ ದ್ರವ್ಯಗಳ ಸುಳಿಗೆ ಸಿಕ್ಕಿ ತಂಡದಿಂದ ದೂರವಾದರು. ಸಿಮನ್ಸ್ ಎರಡನ್ನೂ ಮುಟ್ಟಲಿಲ್ಲ. ಬದುಕು ತಾಯಿಯನ್ನು ಸಾಕಷ್ಟು ನೋಯಿಸಿದೆ, ಇನ್ನು ತನ್ನಿಂದ ಆಕೆಗೆ ನೋವಾಗಬಾರದು ಎಂಬುದು ಇದಕ್ಕೆ ಆತ ಕೊಟ್ಟ ಕಾರಣ. ಮೊದಲ ಬಾರಿ ಭಾರೀ ಮೊತ್ತದ ಚೆಕ್ ತಂದು ತೋರಿಸಿದಾಗ ತಾಯಿ ಸಂತೋಷಪಟ್ಟು, ಸರಿ, ಇನ್ನು ಮುಂದೇನು ಮಾಡುತ್ತೀ ಎಂದು ಕೇಳಿದಳಂತೆ. ಈ ಪ್ರಶ್ನೆಯನ್ನು ಆತ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾನೆ. ದೊಡ್ಡ ಸಂಬಳದ ಮಗನಿಗೆ ಇಂಥ ಪ್ರಶ್ನೆ ಕೇಳಬಲ್ಲ ತಾಯಂದಿರು ಕಡಿಮೆ.

ಹಾಗೆಂದು ಆತನ ನಡೆಯೆಲ್ಲವೂ ಅನುಕರಣೀಯವಲ್ಲ. ಹಣದ ಬಗ್ಗೆ, ಹೆಂಗಸರ ಬಗ್ಗೆ ಆತ ಕೊಚ್ಚಿಕೊಂಡ ಮಾತುಗಳು ಯಾರಿಗೂ ಶೋಭೆ ತರುವಂಥವಲ್ಲ. ಗೊಂಬೆ, ಊಟದ ಡಬ್ಬಿಗಳಿಂದ ಹಿಡಿದು ಶವಪೆಟ್ಟಿಗೆಯವರೆಗೆ ತಂಡದ ಹೆಸರು ಅಂಟಿಸಿ ಮಾರಿದವನು ಆತ. 2014ರಲ್ಲಿ ಖಿನ್ನತೆಯಿಂದ ಬಳಲುವವರ ಬಗ್ಗೆ ಹಗುರವಾಗಿ ಮಾತನಾಡಿ, ಟೀಕೆ ಬಂದ ಮೇಲೆ ಕ್ಷಮೆ ಕೇಳಿದ. ಅದೇ ವರ್ಷ, ವಲಸೆ ಬಂದವರು ಇಂಗ್ಲಿಷ್ ಕಲಿಯಲೇಬೇಕೆಂದು ಒರಟಾಗಿ ಹೇಳಿದ್ದೂ ಸುದ್ದಿಯಾಯಿತು. ತಾನು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ಇತರರೂ ಹಾಗೆಯೇ ಹತ್ತಲಿ ಎನ್ನುವುದು ಮೇಲೆ ಬಂದವರ ಹಳೆಯ ದೌರ್ಬಲ್ಯ. ಎಲ್ಲರಿಗೂ ಗುಂಡಿ ಹೊಲಿದು ಸಾಕುವ ಫ್ಲೋರಾ ಇರುವುದಿಲ್ಲ ಎಂಬುದನ್ನು ಆ ಮಾತು ಮರೆಸುತ್ತದೆ.

ತಾಯಿ ಹೇಳದ ಕಥೆ

2011ರಲ್ಲಿ ಸಿಮನ್ಸ್ ಇಸ್ರೇಲಿಗೆ ಹೋದ. ಬಾಲ್ಯದಲ್ಲಿ ಬಿಟ್ಟುಬಂದ ಮೇಲೆ ಅದೇ ಮೊದಲ ಭೇಟಿ. ಬಿಟ್ಟುಹೋದ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದ. ತನಗೆ ಮಲಸೋದರ, ಮಲಸೋದರಿಯರಿದ್ದಾರೆಂದು ತಿಳಿದು ಅವರನ್ನು ಕಂಡ. ಐವತ್ತು ವರ್ಷ ದಾಟಿದರೂ ಬಾಯಲ್ಲಿ ಹೀಬ್ರೂ ಉಳಿದಿತ್ತು.

ತಾಯಿ ಮಾತ್ರ ಶಿಬಿರದ ದಿನಗಳ ಬಗ್ಗೆ ಮಗನಿಗೆ ಹೆಚ್ಚೇನೂ ಹೇಳಲಿಲ್ಲ. ಏನೋ ಒಂದಿಷ್ಟು ತುಣುಕುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಆಕೆಯಲ್ಲೇ ಉಳಿಯಿತು. 2018ರ ಡಿಸೆಂಬರಿನಲ್ಲಿ ತೊಂಬತ್ತಮೂರರ ವಯಸ್ಸಿನಲ್ಲಿ ಫ್ಲೋರಾ ತೀರಿಕೊಂಡಳು. ಎರಡು ವರ್ಷಗಳ ಬಳಿಕ, 2020ರಲ್ಲಿ, ಜರ್ಮನಿಯ 'ಬಿಲ್ಡ್' ಪತ್ರಿಕೆ ಹಳೆಯ ದಫ್ತರಗಳಲ್ಲಿದ್ದ ಆಕೆಯ ಕಾಗದಪತ್ರಗಳನ್ನು ಹುಡುಕಿ ತೆಗೆದು ಮಗನ ಮುಂದಿಟ್ಟಿತು. ಯಾವ ಶಿಬಿರ, ಬಿಡುಗಡೆ ಯಾವಾಗ, ತಾನು ಅನುಭವಿಸಿದ್ದೇನು ಎಂದು ಆಕೆ ಕೊಟ್ಟ ಹೇಳಿಕೆಯೂ ಅದರಲ್ಲಿತ್ತು. ಎಪ್ಪತ್ತು ದಾಟಿದ ಮಗ ತಾಯಿಯ ಯೌವನವನ್ನು ಕಚೇರಿಯ ಕಡತದಲ್ಲಿ ಓದಿ ತಿಳಿಯಬೇಕಾಯಿತು. ಕೇಳಬೇಕೆಂದು ಹೊಳೆಯುವ ಪ್ರಶ್ನೆಗಳಿಗೆ ಉತ್ತರಿಸಲು ಆಕೆ ಇರಲಿಲ್ಲ.

2023ರ ಡಿಸೆಂಬರ್ 2ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ 'ಕಿಸ್' ತನ್ನ ವಿದಾಯದ ಕಾರ್ಯಕ್ರಮ ನೀಡಿತು. ಮೊದಲ ಕಾರ್ಯಕ್ರಮ ನಡೆದ ಕ್ವೀನ್ಸ್ ಇರುವುದು ಅದೇ ಊರಿನಲ್ಲಿ, ನದಿಯ ಆಚೆ ದಡದಲ್ಲಿ. ಬೆರಳೆಣಿಕೆಯ ಜನರಿಂದ ಕಿಕ್ಕಿರಿದ ಸಭಾಂಗಣದವರೆಗಿನ ಆ ದಾರಿ ಸವೆಯಲು ಐವತ್ತು ವರ್ಷ ಬೇಕಾಯಿತು.

ಬೇಸ್ ತಂತಿಯ ನಾದ ಇದ್ದಷ್ಟು ಹೊತ್ತು ಕೇಳಿಸಿದಂತಾಗುವುದಿಲ್ಲ. ಮನೆಯ ಹಿರಿಯರ ದುಡಿಮೆಯೂ ಹಾಗೆಯೇ. ಊರು ಬಿಟ್ಟು ಬಂದ ಅಜ್ಜ, ಬೀಡಿ ಕಟ್ಟಿ ಫೀಸು ತುಂಬಿದ ಅಮ್ಮ, ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಅಕ್ಕ, ಹೀಗೆ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಫ್ಲೋರಾಗಳಿದ್ದಾರೆ. ಕೆಲವರು ಕೇಳಿದರೆ ಹೇಳುತ್ತಾರೆ. ಕೆಲವರು ಕೇಳಿದರೂ ಹೇಳಲಾರರು. ಆ ಮೌನಕ್ಕೂ ಗೌರವ ಕೊಡಬೇಕು. ಆದರೆ ಮಕ್ಕಳು ಒಮ್ಮೆ ಹತ್ತಿರ ಕುಳಿತು ಕೇಳಿನೋಡಬಹುದು, ಕಡತಗಳು ಮಾತಾಡುವ ಕಾಲ ಬರುವ ಮೊದಲು.